ತಿಂಗಳಿಗೆ ನಾಲ್ಕೈದು ಪುಟ ಮುದ್ರಿಸುವ ಮನೆಗೆ ಯಾವ ಪ್ರಿಂಟರ್ ಸೂಕ್ತ?

ಕಿಟಕಿಮೇಜು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಪ್ರಿಂಟರ್ ಬಳಕೆ ಬಹಳ ಕಡಿಮೆ. ತಿಂಗಳಿಗೆ ನಾಲ್ಕೈದು ಪುಟ, ಕೆಲವೊಮ್ಮೆ ಎರಡು ತಿಂಗಳು ಕಳೆದರೂ ಒಂದೂ ಇಲ್ಲ. ಆಮೇಲೆ ಯಾವುದೋ ಅರ್ಜಿಗೆ ಕೊನೆಯ ದಿನವೆಂದೋ ಮಗಳ ಶಾಲೆಯ ವರದಿಯೆಂದೋ ಒಂದೇ ರಾತ್ರಿ ಮೂವತ್ತು ಪುಟ ಬೇಕಾಗುತ್ತದೆ. ಈಗಿರುವುದು ಹಳೆಯ ಇಂಕ್‌ಜೆಟ್. ಅವಸರದಲ್ಲಿ ಅದರ ಮುಂದೆ ನಿಂತಾಗಲೆಲ್ಲ ಮೊದಲು ಹೊರಬರುವುದು ಬಿಳಿ ಗೆರೆಗಳು ತುಂಬಿದ ಹಾಳೆ. ಹೆಡ್ ಕ್ಲೀನಿಂಗ್ ಎರಡು ಮೂರು ಬಾರಿ ಮಾಡಿಸಿದ ಮೇಲೆ ಕಪ್ಪು ಸರಿಹೋಗುತ್ತದೆ, ಅಷ್ಟರಲ್ಲಿ ಹಳದಿ ಶಾಯಿ ಮುಗಿದಿದೆ ಎಂದು ಯಂತ್ರ ನಿಂತುಬಿಡುತ್ತದೆ. ಕಪ್ಪು ಅಕ್ಷರಕ್ಕೆ ಹಳದಿ ಶಾಯಿ ಯಾಕೆ ಬೇಕು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಕಳೆದ ವರ್ಷ ಒಂದು ನೋಟುಪುಸ್ತಕದಲ್ಲಿ ಲೆಕ್ಕ ಬರೆದಿಟ್ಟೆ. ವರ್ಷವಿಡೀ ಮುದ್ರಿಸಿದ್ದು 61 ಪುಟ. ಅಷ್ಟಕ್ಕೆ ಎರಡು ಸಲ ಎಲ್ಲ ಕಾರ್ಟ್ರಿಜ್‌ಗಳನ್ನೂ ಬದಲಿಸಿದ್ದೇನೆ. ಅಂದರೆ ಶಾಯಿಯಲ್ಲಿ ಬಹುಪಾಲು ಹಾಳೆಯನ್ನು ತಲುಪಲೇ ಇಲ್ಲ.

ಹೊಸದನ್ನು ಕೊಳ್ಳಬೇಕು. ಹೆಚ್ಚಾಗಿ ಕಪ್ಪು ಅಕ್ಷರಗಳೇ, ಅಪರೂಪಕ್ಕೆ ಬಣ್ಣದ ನಕ್ಷೆ ಅಥವಾ ಚಿತ್ರ. ದಾಖಲೆಗಳನ್ನು ಸ್ಕ್ಯಾನ್ ಮಾಡುವ ಸೌಲಭ್ಯವಿದ್ದರೆ ಒಳ್ಳೆಯದು, ಮೊಬೈಲಿನಿಂದ ನೇರವಾಗಿ ಪ್ರಿಂಟ್ ಕೊಡುವಂತಿರಬೇಕು. ವಿಚಾರಿಸಿದಲ್ಲೆಲ್ಲ ಬಾಟಲಿಯಿಂದ ಶಾಯಿ ತುಂಬುವ ಇಂಕ್ ಟ್ಯಾಂಕ್ ಯಂತ್ರವನ್ನೇ ತೋರಿಸುತ್ತಾರೆ, ಒಂದು ಪುಟಕ್ಕೆ ತಗಲುವ ಖರ್ಚು ಅತ್ಯಂತ ಕಡಿಮೆ ಎನ್ನುತ್ತಾರೆ. ನನ್ನಂಥವರಿಗೂ ಅದೇ ಸರಿಯೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ತಿರುಪುಳಿ:

ಪ್ರಿಂಟರ್ ದುರಸ್ತಿ ನನ್ನ ಕೆಲಸ. ನನ್ನ ಮೇಜಿಗೆ ಬರುವ ಮನೆಯ ಇಂಕ್‌ಜೆಟ್‌ಗಳಲ್ಲಿ ಹೆಚ್ಚಿನವು ದುಡಿದು ಸವೆದವಲ್ಲ, ಸುಮ್ಮನೆ ಕುಳಿತು ಕೆಟ್ಟವು. ಆದ್ದರಿಂದ ಪುಟದ ಖರ್ಚನ್ನು ಸ್ವಲ್ಪ ಬದಿಗಿಡಿ. ನಿಮ್ಮ ಯಂತ್ರ ವರ್ಷದ 365 ದಿನಗಳಲ್ಲಿ ಹೆಚ್ಚೆಂದರೆ ಇಪ್ಪತ್ತು ದಿನ ಓಡುತ್ತದೆ. ಉಳಿದ 345 ದಿನ ಅದರ ಒಳಗೆ ಏನಾಗುತ್ತಿರುತ್ತದೆ ಎಂಬುದನ್ನು ನೋಡಿ ಯಂತ್ರವನ್ನು ಆರಿಸಬೇಕು.

ಇಂಕ್‌ಜೆಟ್‌ನ ಹೆಡ್‌ನಲ್ಲಿ ಶಾಯಿ ಚಿಮ್ಮುವ ನೂರಾರು ನಾಝಲ್‌ಗಳಿರುತ್ತವೆ, ಒಂದೊಂದೂ ತಲೆಗೂದಲಿಗಿಂತ ಸಣ್ಣ ರಂಧ್ರ. ಶಾಯಿಯಲ್ಲಿ ಹೆಚ್ಚಿನ ಭಾಗ ನೀರು. ಬೇಗ ಒಣಗದಿರಲೆಂದು ಗ್ಲೈಕಾಲ್‌ನಂಥ ಪದಾರ್ಥ ಬೆರೆಸಿರುತ್ತಾರೆ, ಆದರೂ ರಂಧ್ರದ ಬಾಯಲ್ಲಿ ನೀರು ನಿಧಾನವಾಗಿ ಆರುತ್ತಲೇ ಇರುತ್ತದೆ. ಉಳಿದದ್ದು ಗಟ್ಟಿಯಾಗಿ ಬಾಯಿ ಕಟ್ಟುತ್ತದೆ. ನೀವು ಹೇಳಿದ ಬಿಳಿ ಗೆರೆ ಇದೇ. ಕ್ಲೀನಿಂಗ್ ಎಂದರೆ ಶಾಯಿಯನ್ನು ಬಲವಾಗಿ ಹೀರಿ ಆ ಅಡಚಣೆಯನ್ನು ಕಿತ್ತು ತೆಗೆಯುವುದು. ಹಾಗೆ ಹೀರಿದ ಶಾಯಿ ಯಂತ್ರದ ತಳದಲ್ಲಿರುವ ವೇಸ್ಟ್ ಇಂಕ್ ಪ್ಯಾಡ್‌ಗೆ ಹೋಗುತ್ತದೆ. ಅದು ದಪ್ಪ ಸ್ಪಂಜಿನಂಥ ವಸ್ತು. ಎಷ್ಟು ಶಾಯಿ ಹೋಯಿತೆಂದು ಯಂತ್ರ ಎಣಿಸುತ್ತಿರುತ್ತದೆ, ಮಿತಿ ಮುಟ್ಟಿದ ದಿನ ಕೆಲಸ ನಿಲ್ಲಿಸುತ್ತದೆ. ಹೊಸ ಮಾದರಿಗಳಲ್ಲಿ ಕೆಲವಕ್ಕೆ ಇದು ಬಳಕೆದಾರರೇ ಬದಲಿಸಬಹುದಾದ ಪೆಟ್ಟಿಗೆಯಾಗಿ ಬರುತ್ತದೆ, ಕೊಳ್ಳುವಾಗ ಅದೊಂದನ್ನು ವಿಚಾರಿಸುವುದು ಒಳ್ಳೆಯದು.

ಹಳದಿಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಕ್ಲೀನಿಂಗ್ ನಡೆಯುವಾಗ ಹಲವು ಯಂತ್ರಗಳು ಎಲ್ಲ ಬಣ್ಣವನ್ನೂ ಒಟ್ಟಿಗೆ ಹೀರುತ್ತವೆ. ನೀವು ಹಳದಿಯಲ್ಲಿ ಒಂದು ಚುಕ್ಕೆಯನ್ನೂ ಮುದ್ರಿಸದಿದ್ದರೂ ಹಳದಿ ಖಾಲಿಯಾಗುವುದು ಹೀಗೆ. ಶಾಯಿ ಇಲ್ಲದೆ ಹೆಡ್ ಓಡಿದರೆ ಅದು ಹಾಳಾಗಬಹುದು ಎಂಬ ಕಾರಣಕ್ಕೆ ಒಂದು ಬಣ್ಣ ಮುಗಿದರೂ ಪೂರ್ತಿ ನಿಲ್ಲುವಂತೆ ಕೆಲವು ಯಂತ್ರಗಳನ್ನು ರೂಪಿಸಿರುತ್ತಾರೆ. ಜೊತೆಗೆ, ಕಪ್ಪನ್ನು ಗಾಢವಾಗಿಸಲು ಬಣ್ಣಗಳನ್ನು ಬೆರೆಸುವ ಯಂತ್ರಗಳೂ ಇವೆ.

ಇನ್ನೊಂದು ವಿಷಯ ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ಹೆಡ್ ಎಲ್ಲಿದೆ? ಎಚ್‌ಪಿ ಮತ್ತು ಕ್ಯಾನನ್‌ನ ಹಲವು ಅಗ್ಗದ ಮಾದರಿಗಳಲ್ಲಿ ಅದು ಕಾರ್ಟ್ರಿಜ್‌ಗೇ ಅಂಟಿಕೊಂಡಿರುತ್ತದೆ. ಪೂರ್ತಿ ಕಟ್ಟಿಕೊಂಡರೆ ಹೊಸ ಕಾರ್ಟ್ರಿಜ್ ಹಾಕಿದಾಗ ಹೆಡ್ ಕೂಡ ಹೊಸದಾಗುತ್ತದೆ. ಎಪ್ಸನ್ ಮತ್ತು ಬ್ರದರ್ ಬಳಸುವುದು ಪೀಝೋ ಹೆಡ್ (ವಿದ್ಯುತ್ ತಾಗಿದಾಗ ಆಕಾರ ಬದಲಿಸುವ ವಸ್ತುವಿನಿಂದ ಶಾಯಿ ಚಿಮ್ಮಿಸುವಂಥದ್ದು), ಅದು ಯಂತ್ರದಲ್ಲಿಯೇ ಇರುತ್ತದೆ. ಬಹಳ ಕಾಲ ಬಾಳುವ ಒಳ್ಳೆಯ ಹೆಡ್ ಅದು, ಆದರೆ ಪೂರ್ತಿ ಕಟ್ಟಿಕೊಂಡರೆ ಬದಲಿಸುವ ಖರ್ಚು ಹೊಸ ಯಂತ್ರದ ಹತ್ತಿರ ಹೋಗುತ್ತದೆ. ಇಂಕ್ ಟ್ಯಾಂಕ್ ಯಂತ್ರಗಳಲ್ಲಿ ಶಾಯಿ ಅಗ್ಗ ಎಂಬುದು ನಿಜ. ಹೆಡ್ ಒಣಗುವುದು ಅವುಗಳಲ್ಲಿಯೂ ತಪ್ಪಿದ್ದಲ್ಲ.

ನಿಮ್ಮ 61 ಪುಟಗಳಿಗೆ ನಾನು ಹೇಳುವುದು ಕಪ್ಪು ಬಿಳುಪು ಲೇಸರ್. ಅದರಲ್ಲಿ ದ್ರವವೇ ಇಲ್ಲ.

ನೀಲಿಶಾಯಿ:

ತಿರುಪುಳಿ ಅವರ ಅನುಭವದ ಬಗ್ಗೆ ಗೌರವವಿದೆ, ಆದರೆ ಇಂಕ್ ಟ್ಯಾಂಕನ್ನು ಇಷ್ಟು ಬೇಗ ಪಟ್ಟಿಯಿಂದ ತೆಗೆಯಬೇಡಿ. ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಒಂದು ಇದೆ, ಒಮ್ಮೆಯೂ ದುರಸ್ತಿಗೆ ಹೋಗಿಲ್ಲ. ಜೊತೆಗೆ ಕೊಟ್ಟಿದ್ದ ಶಾಯಿ ಬಾಟಲಿಗಳಲ್ಲಿ ಬಣ್ಣದವು ಈಗಲೂ ಮುಗಿದಿಲ್ಲ.

ನಾನು ಪಾಲಿಸುವುದು ಎರಡೇ ನಿಯಮ. ಪ್ರತಿ ಶನಿವಾರ ಬೆಳಿಗ್ಗೆ ನಾಲ್ಕೂ ಬಣ್ಣ ಇರುವ ಒಂದು ಹಾಳೆ ಮುದ್ರಿಸುತ್ತೇನೆ. ಮಗ ಚಿಕ್ಕವನಾದ್ದರಿಂದ ಬಣ್ಣದ ಪಕ್ಷಿಯೋ ನಕ್ಷೆಯೋ ಏನಾದರೂ ಇರುತ್ತದೆ, ಹಾಳೆ ವ್ಯರ್ಥವಾಗುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಯಂತ್ರವನ್ನು ಅದರ ಮೈಮೇಲಿನ ಗುಂಡಿಯಿಂದಲೇ ಆಫ್ ಮಾಡುತ್ತೇನೆ. ಗುಂಡಿ ಒತ್ತಿದಾಗ ಹೆಡ್ ಬದಿಗೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಗಾಳಿ ತಾಗುವುದಿಲ್ಲ. ಗೋಡೆಯ ಸ್ವಿಚ್ಚನ್ನು ನೇರವಾಗಿ ಆರಿಸಿದರೆ ಹೆಡ್ ನಡುದಾರಿಯಲ್ಲಿ ಬಾಯಿ ತೆರೆದುಕೊಂಡೇ ನಿಲ್ಲಬಹುದು. ಮೊದಲಿನ ಯಂತ್ರವನ್ನು ನಮ್ಮ ಮನೆಯಲ್ಲಿ ಹಾಗೆಯೇ ಹಾಳು ಮಾಡಿಕೊಂಡೆವು. ವಿದ್ಯುತ್ ಉಳಿಸಬೇಕೆಂಬ ಒಳ್ಳೆಯ ಉದ್ದೇಶದಿಂದ ಪ್ರತಿ ರಾತ್ರಿ ಗೋಡೆಯ ಸ್ವಿಚ್ ಆರಿಸುತ್ತಿದ್ದೆವು.

ಬಣ್ಣ ಬೇಕು, ಮಕ್ಕಳಿದ್ದಾರೆ, ವಾರಕ್ಕೊಮ್ಮೆ ಒಂದು ಹಾಳೆ ಕೊಡಲು ಬೇಸರವಿಲ್ಲ ಎನ್ನುವವರಿಗೆ ಇಂಕ್ ಟ್ಯಾಂಕ್ ಖಂಡಿತ ಸರಿ.

ತಿರುಪುಳಿ:

ನೀಲಿಶಾಯಿ ಅವರೇ, ನೀವು ಹೇಳಿದ್ದರಲ್ಲಿ ಒಂದಕ್ಷರವನ್ನೂ ಅಲ್ಲಗಳೆಯುವುದಿಲ್ಲ. ಗುಂಡಿಯ ಮಾತನ್ನಂತೂ ಎಲ್ಲರೂ ಬರೆದಿಟ್ಟುಕೊಳ್ಳಬೇಕು. ಯಂತ್ರ ಕೊಂಡ ಎಲ್ಲರೂ ನಿಮ್ಮ ಹಾಗೆ ಇದ್ದಿದ್ದರೆ ನನ್ನ ಮೇಜು ಅರ್ಧ ಖಾಲಿ ಇರುತ್ತಿತ್ತು. ಆದರೆ ಪ್ರಶ್ನೆ ಕೇಳಿದವರು ಎರಡು ತಿಂಗಳು ಯಂತ್ರದ ಕಡೆ ತಿರುಗಿಯೂ ನೋಡುವುದಿಲ್ಲವೆಂದು ತಾವೇ ಬರೆದಿದ್ದಾರೆ. ಅವರು ಆ ಶನಿವಾರಗಳನ್ನು ನೆನಪಿಡುತ್ತಾರೆಯೇ?

ಕಿಟಕಿಮೇಜು:

ಪ್ರಾಮಾಣಿಕವಾಗಿ ಹೇಳುತ್ತೇನೆ, ನೆನಪಿಡುವುದಿಲ್ಲ. ಮೊದಲ ತಿಂಗಳು ಮಾಡಿಯೇನು, ಆಮೇಲೆ ಪ್ರಯಾಣ, ಪರೀಕ್ಷೆ, ಕೆಲಸ ಎಂದು ತಪ್ಪಿಹೋಗುತ್ತದೆ.

ನಿನ್ನೆ ರಾತ್ರಿ ನೋಟುಪುಸ್ತಕವನ್ನು ಮತ್ತೆ ತೆಗೆದು ನೋಡಿದೆ. 61ರಲ್ಲಿ ಬಣ್ಣ ನಿಜವಾಗಿಯೂ ಬೇಕಾಗಿದ್ದದ್ದು 7 ಪುಟಗಳಿಗೆ ಮಾತ್ರ. ಬಣ್ಣ ಬೇಕೇಬೇಕು ಎಂದು ನಾನು ಇಷ್ಟು ದಿನ ನಂಬಿದ್ದಕ್ಕೆ ಈ ಏಳು ಪುಟಗಳೇ ಆಧಾರ ಎಂದು ತಿಳಿದಾಗ ಆಶ್ಚರ್ಯವಾಯಿತು.

ಲೇಸರ್ ಬಗ್ಗೆ ಮನೆಯಲ್ಲಿ ಮೂರು ಆತಂಕಗಳಿವೆ: ವಿದ್ಯುತ್ ಬಹಳ ಎಳೆಯುತ್ತದೆ ಎನ್ನುತ್ತಾರೆ, ಕೆಲಸ ಮಾಡುವಾಗ ಒಂದು ವಾಸನೆ ಬರುತ್ತದೆ ಎನ್ನುತ್ತಾರೆ, ಟೋನರ್ ಪುಡಿ ಆರೋಗ್ಯಕ್ಕೆ ಒಳ್ಳೆಯದಲ್ಲ ಎನ್ನುತ್ತಾರೆ. ಇದರಲ್ಲಿ ಎಷ್ಟು ನಿಜ?

ಹಿತ್ತಾಳೆದೀಪ:

ನಾನು ವಿದ್ಯುತ್ ಉಪಕರಣಗಳ ಕೆಲಸದವನು, ಆ ಭಾಗವನ್ನು ನಾನು ಹೇಳುತ್ತೇನೆ.

ಲೇಸರ್ ಯಂತ್ರದಲ್ಲಿ ಡ್ರಮ್ ಎಂಬ ಉರುಳೆ ಇರುತ್ತದೆ. ಅದರ ಮೈಗೆ ವಿದ್ಯುದಂಶ ತುಂಬಿ, ಲೇಸರ್ ಬೆಳಕಿನಿಂದ ಅಕ್ಷರಗಳ ಆಕಾರವನ್ನು ಬರೆಯುತ್ತಾರೆ. ಟೋನರ್ ಪುಡಿ ಆ ಆಕಾರಕ್ಕೆ ಅಂಟಿ ಅಲ್ಲಿಂದ ಕಾಗದಕ್ಕೆ ಬರುತ್ತದೆ. ಕೊನೆಗೆ ಫ್ಯೂಸರ್ ಎಂಬ ಬಿಸಿ ಉರುಳೆಗಳ ನಡುವೆ ಕಾಗದ ಹಾದು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪುಡಿ ಕರಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಹೊರಬಂದ ಹಾಳೆ ಬೆಚ್ಚಗಿರುವುದು ಇದರಿಂದಲೇ. ಟೋನರ್ ಎಂದರೆ ನುಣ್ಣಗೆ ಪುಡಿ ಮಾಡಿದ ಪ್ಲಾಸ್ಟಿಕ್ ಮತ್ತು ಬಣ್ಣ. ಒಣಗುವುದಕ್ಕೆ ಅದರಲ್ಲಿ ಏನೂ ಇಲ್ಲ.

ಈ ವಿಧಾನದ ಮೂಲ ಹುಡುಕುತ್ತಾ ಹೋದರೆ 1938ರ ಅಕ್ಟೋಬರ್ 22ಕ್ಕೆ ತಲುಪುತ್ತೇವೆ. ಅಂದು ನ್ಯೂಯಾರ್ಕ್‌ನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಒಣ ಪುಡಿಯಿಂದ ಮೊದಲ ಪ್ರತಿ ತೆಗೆದರು. ಆ ದಿನಾಂಕವನ್ನೂ ಊರಿನ ಹೆಸರನ್ನೂ ಬರೆದ ಪುಟ್ಟ ತುಣುಕೇ ಆ ಪ್ರತಿ. ಈ ವಿಧಾನಕ್ಕೆ ಮುಂದೆ ಝೆರಾಗ್ರಫಿ ಎಂಬ ಹೆಸರು ಬಂತು. ಗ್ರೀಕ್‌ನಲ್ಲಿ ‘ಕ್ಸೆರೋಸ್’ ಎಂದರೆ ಒಣ. ನಾವು ದಿನಕ್ಕೆ ಹತ್ತು ಸಲ ಹೇಳುವ ಝೆರಾಕ್ಸ್ ಎಂಬ ಪದದ ಹೊಟ್ಟೆಯಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರ ಕುಳಿತಿರುವುದು ನನಗೆ ಬಹಳ ಇಷ್ಟವಾದ ಸಂಗತಿ. ಅದೇ ಝೆರಾಕ್ಸ್ ಕಂಪನಿಯಲ್ಲಿದ್ದ ಗ್ಯಾರಿ ಸ್ಟಾರ್ಕ್‌ವೆದರ್ ಅದಕ್ಕೆ ಲೇಸರ್ ಜೋಡಿಸಿದ ಮೇಲೆ ಪ್ರತಿ ತೆಗೆಯುವ ಯಂತ್ರ ಮುದ್ರಿಸುವ ಯಂತ್ರವಾಯಿತು.

ಇನ್ನು ವಿದ್ಯುತ್. ಫ್ಯೂಸರ್ ಬಿಸಿಯಾಗುವ ಕೆಲವು ಕ್ಷಣ ಸಣ್ಣ ಲೇಸರ್ ಕೂಡ ನೂರಾರು ವಾಟ್ ಎಳೆಯುತ್ತದೆ, ಕೆಲವು ಸಾವಿರವನ್ನೂ ಮುಟ್ಟುತ್ತವೆ. ಇಂಕ್‌ಜೆಟ್‌ಗೆ ಹತ್ತಿಪ್ಪತ್ತು ವಾಟ್ ಸಾಕು. ಆದರೆ ವರ್ಷಕ್ಕೆ ಅರವತ್ತು ಪುಟ ಎಂದರೆ ಆ ಎಳೆತ ಒಟ್ಟು ಸೇರಿ ಕೆಲವು ನಿಮಿಷಗಳು. ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಎಚ್ಚರಿಕೆ ಬೇಕಾದದ್ದು ಇನ್ನೊಂದು ಕಡೆ. ಕಂಪ್ಯೂಟರಿಗೆ ಇಟ್ಟ ಸಣ್ಣ ಯುಪಿಎಸ್‌ಗೆ ಲೇಸರ್ ಪ್ರಿಂಟರನ್ನು ಎಂದಿಗೂ ಜೋಡಿಸಬೇಡಿ. ಫ್ಯೂಸರ್ ಹೊತ್ತಿದ ಕ್ಷಣ ಯುಪಿಎಸ್ ಕೈಚೆಲ್ಲಿದರೆ ಉಳಿಸದ ಕೆಲಸದೊಂದಿಗೆ ಕಂಪ್ಯೂಟರೂ ಆರುತ್ತದೆ. ನೇರವಾಗಿ ಗೋಡೆಯ ಸಾಕೆಟ್‌ಗೆ ಕೊಡಿ.

ವಾಸನೆ ನಿಜ, ಸ್ವಲ್ಪ ಇರುತ್ತದೆ. ಹಳೆಯ ಯಂತ್ರಗಳಲ್ಲಿ ಡ್ರಮ್‌ಗೆ ವಿದ್ಯುದಂಶ ಕೊಡಲು ತಂತಿ ಇರುತ್ತಿತ್ತು, ಅದರಿಂದ ಓಝೋನ್ ಹೆಚ್ಚು ಬರುತ್ತಿತ್ತು. ಈಗಿನ ಹಲವು ಯಂತ್ರಗಳಲ್ಲಿ ಆ ತಂತಿಯ ಜಾಗಕ್ಕೆ ಸಣ್ಣ ಉರುಳೆ ಬಂದಿರುವುದರಿಂದ ಅದು ಬಹಳ ಕಡಿಮೆಯಾಗಿದೆ. ಬಿಸಿಯಾದಾಗ ಅತಿ ಸೂಕ್ಷ್ಮ ಕಣಗಳೂ ಹೊರಬರುತ್ತವೆ. ಮಲಗುವ ಕೋಣೆಯಲ್ಲಿ ಇಡಬೇಡಿ, ಗಾಳಿಯಾಡುವ ಜಾಗದಲ್ಲಿಡಿ. ಟೋನರ್ ಎಲ್ಲಾದರೂ ಚೆಲ್ಲಿದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಬಿಸಿ ನೀರು ತಾಗಿದರೆ ಪುಡಿ ಮೆತ್ತಗಾಗಿ ಕಲೆ ಉಳಿದುಬಿಡುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ, ಅದರ ಜಾಲರಿಗೆ ಸಿಗದಷ್ಟು ನುಣುಪಾದ ಪುಡಿ ಇದು. ಹೀರಿದ್ದೆಲ್ಲ ಹಿಂದಿನಿಂದ ಕೋಣೆಗೇ ಬರುತ್ತದೆ.

ಖಾಲಿಹಾಳೆ:

ಬೇರೆಯೇ ಒಂದು ಮಾತು ಕೇಳಲೇ? ವರ್ಷಕ್ಕೆ 61 ಪುಟಕ್ಕೆ ಯಂತ್ರ ಯಾಕೆ ಬೇಕು? ನಾನು ಮೂರು ವರ್ಷದ ಹಿಂದೆ ಪ್ರಿಂಟರ್ ಬೇರೆಯವರಿಗೆ ಕೊಟ್ಟುಬಿಟ್ಟೆ. ಬೇಕಾದಾಗ ಹೊರಗೆ ಹೋಗಿ ಪ್ರಿಂಟ್ ಮಾಡಿಸುತ್ತೇನೆ. ಮೇಜಿನ ಮೇಲೆ ಜಾಗ ಸಿಕ್ಕಿತು, ಮನಸ್ಸಿಗೆ ನೆಮ್ಮದಿಯೂ ಸಿಕ್ಕಿತು. ಸಹಿ ಹಾಕಿ ಕಳುಹಿಸುವ ಹಲವು ಕಾಗದಗಳನ್ನು ಈಗ ಮುದ್ರಿಸದೆಯೇ ಪಿಡಿಎಫ್‌ನಲ್ಲಿಯೇ ಮುಗಿಸಬಹುದು.

ಕಿಟಕಿಮೇಜು:

ಇದನ್ನು ನಾವೂ ಯೋಚಿಸಿದೆವು. ಎರಡು ಕಾರಣಕ್ಕೆ ಬೇಡವೆಂದು ತೀರ್ಮಾನಿಸಿದೆವು. ನಮಗೆ ಕಾಗದ ಬೇಕಾಗುವುದು ಯಾವಾಗಲೂ ರಾತ್ರಿ ಹತ್ತರ ಮೇಲೆ. ಇನ್ನೊಂದು, ಗುರುತಿನ ದಾಖಲೆ, ವೈದ್ಯಕೀಯ ವರದಿ, ಬ್ಯಾಂಕ್ ಕಾಗದ ಇಂಥವನ್ನು ಬೇರೆಯವರ ಕಂಪ್ಯೂಟರಿಗೆ ಕಳುಹಿಸಬೇಕಾಗುತ್ತದೆ. ಒಮ್ಮೆ ಪ್ರಿಂಟ್ ಮಾಡಿಸಲು ಹೋದಾಗ ಅಲ್ಲಿನ ಡೆಸ್ಕ್‌ಟಾಪ್ ಮೇಲೆ ಯಾರ‍್ಯಾರದ್ದೋ ದಾಖಲೆಗಳ ಸಾಲು ಕಂಡೆ. ನನ್ನದೂ ಅದರಲ್ಲಿ ಒಂದಾಗಿ ಉಳಿಯುತ್ತದೆ ಎನ್ನಿಸಿ ಅಂದಿನಿಂದ ಮನಸ್ಸು ಒಪ್ಪುತ್ತಿಲ್ಲ.

ಖಾಲಿಹಾಳೆ:

ಆ ಎರಡನೆಯ ಕಾರಣಕ್ಕೆ ನನ್ನಲ್ಲಿ ಉತ್ತರವಿಲ್ಲ. ನಿಮ್ಮ ಮಾತು ಸರಿ.

ಬೆಳಕುಪೆಟ್ಟಿಗೆ:

ಆ ಏಳು ಬಣ್ಣದ ಪುಟಗಳಲ್ಲಿ ಫೋಟೋಗಳಿವೆಯೇ? ಇದ್ದರೆ ಈ ಮಾತು ಉಪಯೋಗಕ್ಕೆ ಬರಬಹುದು. ಲೇಸರ್‌ನಿಂದ ಫೋಟೋ ನಿರೀಕ್ಷಿಸಬೇಡಿ, ಬಣ್ಣದ ಲೇಸರ್‌ನಿಂದಲೂ ಬೇಡ. ಬಣ್ಣದ ಲೇಸರ್ ನಕ್ಷೆ, ಕೋಷ್ಟಕಗಳಿಗೆ ಚೆನ್ನ, ಆದರೆ ನಾಲ್ಕು ಟೋನರ್‌ಗಳ ಭಾರ, ಗಾತ್ರ, ಖರ್ಚು ಎಲ್ಲವನ್ನೂ ಹೊರಬೇಕು. ಏಳು ಪುಟಕ್ಕೆ ಅದು ಬೇಡ.

ಅಪರೂಪಕ್ಕೆ ಫೋಟೋ ಮುದ್ರಿಸುವವರಿಗೆ ಡೈ ಸಬ್ಲಿಮೇಶನ್ ಎಂಬ ಪುಟ್ಟ ಯಂತ್ರಗಳಿವೆ, ಕ್ಯಾನನ್ ಸೆಲ್ಫಿ ಆ ಬಗೆಯದು. ತೆಳುವಾದ ರಿಬ್ಬನ್ ಮೇಲಿನ ಬಣ್ಣವನ್ನು ಶಾಖದಿಂದ ಆವಿಯಾಗಿಸಿ ಕಾಗದದೊಳಗೆ ಇಳಿಸುತ್ತವೆ. ಕಾಗದ ನಾಲ್ಕು ಬಾರಿ ಒಳಹೊರಗೆ ಓಡಾಡುತ್ತದೆ: ಹಳದಿ, ಕೆಂಪು, ನೀಲಿ, ಕೊನೆಗೆ ಪಾರದರ್ಶಕ ರಕ್ಷಾಪದರ. ಇಲ್ಲಿಯೂ ದ್ರವ ಇಲ್ಲ. ನಾನು ವರ್ಷಕ್ಕೆ ಎರಡು ಸಲ, ಕುಟುಂಬ ಸೇರಿದಾಗ ಮಾತ್ರ ತೆಗೆಯುತ್ತೇನೆ. ಆರು ತಿಂಗಳು ಕಪಾಟಿನಲ್ಲಿದ್ದು ಬಂದರೂ ಮೊದಲ ಫೋಟೋವೇ ಸರಿಯಾಗಿರುತ್ತದೆ. ಮಿತಿಯೆಂದರೆ ನಾಲ್ಕು ಆರು ಇಂಚಿನ ಅಂಚೆ ಕಾರ್ಡಿನಷ್ಟು ಗಾತ್ರಕ್ಕೆ ಮಾತ್ರ, ಮತ್ತು ರಿಬ್ಬನ್ ಕಾಗದ ಎರಡನ್ನೂ ಜೊತೆಯಾಗಿಯೇ ಕೊಳ್ಳಬೇಕು.

ಒಂದು ಎಚ್ಚರಿಕೆ. ಇಂಕ್‌ಜೆಟ್‌ಗೆಂದು ತಂದ ಹೊಳಪಿನ ಫೋಟೋ ಕಾಗದ ಮನೆಯಲ್ಲಿ ಉಳಿದಿದ್ದರೆ ಅದನ್ನು ಲೇಸರ್‌ಗೆ ಹಾಕಬೇಡಿ. ಅದರ ಮೇಲಿನ ಲೇಪ ಫ್ಯೂಸರ್ ಶಾಖಕ್ಕೆ ಕರಗಿ ಉರುಳೆಗೆ ಅಂಟಿಕೊಳ್ಳುತ್ತದೆ.

ಕಿಟಕಿಮೇಜು:

ಫೋಟೋ ಒಂದೂ ಇಲ್ಲ. ನಾಲ್ಕು ನಕ್ಷೆ, ಮೂರು ವಿಜ್ಞಾನದ ಚಿತ್ರ. ಇವನ್ನು ಹೊರಗೆ ಮಾಡಿಸಬಹುದು, ಗುಟ್ಟಿನ ಕಾಗದಗಳಲ್ಲ. ಕಪ್ಪು ಬಿಳುಪು ಲೇಸರ್ ಎಂದು ಮನಸ್ಸು ಗಟ್ಟಿಯಾಗುತ್ತಿದೆ. ಕೊಳ್ಳುವ ಮುನ್ನ ಏನೇನು ನೋಡಬೇಕು?

ತಂತಿಜಾಲ:

ಯಂತ್ರದ ಕಬ್ಬಿಣ ಪ್ಲಾಸ್ಟಿಕ್ಕಿಗಿಂತ ಮೊದಲು ಅದರ ಸಾಫ್ಟ್‌ವೇರ್ ನೋಡಿ ಎಂಬುದು ನನ್ನ ಸಲಹೆ. ಲೇಸರ್ ಹತ್ತು ವರ್ಷ ಬಾಳಬಲ್ಲದು. ಅಷ್ಟು ವರ್ಷದಲ್ಲಿ ನೀವು ಎರಡು ಮೂರು ಕಂಪ್ಯೂಟರ್, ಮೊಬೈಲ್ ಬದಲಿಸಿರುತ್ತೀರಿ. ಕಂಪನಿಯ ಡ್ರೈವರ್ (ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ತಲುಪಿಸುವ ತಂತ್ರಾಂಶ) ಒಂದನ್ನೇ ನಂಬಿದ ಯಂತ್ರ ಅಷ್ಟರಲ್ಲಿ ಅನಾಥವಾಗುತ್ತದೆ, ಕಾಗದ ಒಳಗೆಳೆಯುವ ಶಕ್ತಿ ಚೆನ್ನಾಗಿದ್ದರೂ ಮಾತು ಕೇಳಿಸಿಕೊಳ್ಳುವವರೇ ಇರುವುದಿಲ್ಲ.

ಆದ್ದರಿಂದ ಏರ್‌ಪ್ರಿಂಟ್, ಮೋಪ್ರಿಯಾ ಅಥವಾ ಐಪಿಪಿ ಎವ್ರಿವೇರ್ ಎಂಬ ಹೆಸರುಗಳು ಅದರ ವಿವರದಲ್ಲಿ ಇವೆಯೇ ನೋಡಿ. ಇವು ಪ್ರತ್ಯೇಕ ಡ್ರೈವರ್ ಇಲ್ಲದೆ ಮುದ್ರಿಸುವ ಸಾಮಾನ್ಯ ವಿಧಾನಗಳು. ಐಫೋನ್‌ಗೆ ಏರ್‌ಪ್ರಿಂಟ್, ಆಂಡ್ರಾಯ್ಡ್‌ಗೆ ಮೋಪ್ರಿಯಾ, ಲಿನಕ್ಸ್‌ಗೆ ಮೂರರಲ್ಲಿ ಯಾವುದಿದ್ದರೂ ಬಹುತೇಕ ನಡೆಯುತ್ತದೆ. ವಿಂಡೋಸ್ ಕೂಡ ಈ ಕಡೆಗೇ ಹೊರಳುತ್ತಿದೆ, ಪ್ರಿಂಟರ್ ಕಂಪನಿಗಳ ಹಳೆಯ ಬಗೆಯ ಡ್ರೈವರ್‌ಗಳಿಗೆ ಕೊಡುವ ಬೆಂಬಲವನ್ನು ಹಂತ ಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಹೇಳಿದೆ. ಒಂದೇ ಕಂಪನಿಯ ಸೇವೆಯನ್ನು ನಂಬುವುದು ಹೇಗೆ ಮುಗಿಯುತ್ತದೆ ಎನ್ನುವುದಕ್ಕೆ ಗೂಗಲ್ ಕ್ಲೌಡ್ ಪ್ರಿಂಟ್ ಇದೆ. ಅದರ ಮೂಲಕವೇ ಮೊಬೈಲಿನಿಂದ ಮುದ್ರಿಸುತ್ತಿದ್ದವರಿಗೆ 2020ರ ಡಿಸೆಂಬರ್ 31ಕ್ಕೆ ಆ ದಾರಿ ಮುಚ್ಚಿತು.

ಕಾರ್ಟ್ರಿಜ್ ಬೀಗದ ವಿಷಯವನ್ನೂ ತಿಳಿದಿರಬೇಕು. ಕೆಲವು ಯಂತ್ರಗಳು ಅಸಲಿ ಚಿಪ್ ಇರುವ ಕಾರ್ಟ್ರಿಜ್ ಅಲ್ಲದೆ ಬೇರೆಯದನ್ನು ಒಪ್ಪುವುದಿಲ್ಲ. ಎಚ್‌ಪಿ ಪ್ಲಸ್ ಯೋಜನೆಗೆ ಸೇರಿಸಿದ ಯಂತ್ರ ಅಂತರ್ಜಾಲಕ್ಕೆ ಜೋಡಿಸಿಕೊಂಡಿರಬೇಕು, ಆ ಕಂಪನಿಯ ಕಾರ್ಟ್ರಿಜ್‌ಗಳನ್ನೇ ಬಳಸಬೇಕು ಎಂಬ ಷರತ್ತು ಇದೆ. ವರ್ಷಕ್ಕೆ ಅರವತ್ತು ಪುಟ ಮುದ್ರಿಸುವವರಿಗೆ ಇಂಥ ಷರತ್ತುಗಳಿಂದ ಯಾವ ಲಾಭವೂ ಇಲ್ಲ. ಮೊದಲ ಸಲ ಹೊಂದಿಸುವಾಗ ಪರದೆಯ ಮೇಲೆ ಬರುವುದಕ್ಕೆಲ್ಲ ಒಪ್ಪಿಗೆ ಒತ್ತಬೇಡಿ, ನಿಧಾನವಾಗಿ ಓದಿ. ತಿಂಗಳ ಚಂದಾ ಯೋಜನೆಗಳಿಗೂ ಇದೇ ಮಾತು, ಮುದ್ರಿಸದ ತಿಂಗಳಿಗೂ ಹಣ ಕಟ್ಟಬೇಕಾಗುತ್ತದೆ.

ವೈ-ಫೈ ಬಗ್ಗೆ ಒಂದೇ ಮಾತು: ಮನೆಯ ಪ್ರಿಂಟರ್‌ಗಳಲ್ಲಿ ಹಲವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ. ರೂಟರ್‌ನಲ್ಲಿ ಅದನ್ನು ಆಫ್ ಮಾಡಿಟ್ಟಿದ್ದರೆ ಪ್ರಿಂಟರ್ ಕಾಣಿಸುವುದಿಲ್ಲ. ಯುಎಸ್‌ಬಿ ಸಂಪರ್ಕವೂ ಇರುವ ಯಂತ್ರ ತೆಗೆದುಕೊಳ್ಳಿ. ವೈ-ಫೈ ಕೈಕೊಟ್ಟ ರಾತ್ರಿ ಆ ಒಂದು ತಂತಿ ಕಾಪಾಡುತ್ತದೆ.

ತಿರುಪುಳಿ:

ತಂತಿಜಾಲ ಅವರು ಬರೆದದ್ದಕ್ಕೆ ಟೋನರ್ ಲೆಕ್ಕವನ್ನು ಸೇರಿಸುತ್ತೇನೆ. ಹೊಸ ಯಂತ್ರದೊಂದಿಗೆ ಬರುವುದು ಹೆಚ್ಚಾಗಿ ಸ್ಟಾರ್ಟರ್ ಟೋನರ್, ಅದರಲ್ಲಿ ಪುಡಿ ಕಡಿಮೆ ತುಂಬಿರುತ್ತಾರೆ. ಡಬ್ಬದ ಮೇಲಿನ ಪುಟಗಳ ಸಂಖ್ಯೆ ಐಎಸ್‌ಒ 19752 ಎಂಬ ಅಳತೆಯದು, ಹಾಳೆಯ ಸುಮಾರು 5% ಭಾಗ ಮಾತ್ರ ಕಪ್ಪಾಗುವ ಪುಟ ಎಂದು ಇಟ್ಟುಕೊಳ್ಳಬಹುದು. ಒತ್ತಾಗಿ ತುಂಬಿದ ಪುಟಕ್ಕೆ ಹೆಚ್ಚು ಬೇಕು. ಹಾಗಿದ್ದರೂ ಸ್ಟಾರ್ಟರ್‌ನಲ್ಲಿ 500 ಪುಟ ಬಂದರೆ ನಿಮಗೆ ಅದೇ ಎಂಟು ವರ್ಷದ ದಾಸ್ತಾನು. ಹೆಚ್ಚುವರಿ ಟೋನರ್ ಈಗಲೇ ಕೊಂಡಿಡಬೇಡಿ.

ಬ್ರದರ್‌ನಂಥ ಯಂತ್ರಗಳಲ್ಲಿ ಡ್ರಮ್ ಬೇರೆ, ಟೋನರ್ ಬೇರೆ. ಎಚ್‌ಪಿಯ ಹಲವು ಸಣ್ಣ ಯಂತ್ರಗಳಲ್ಲಿ ಎರಡೂ ಒಂದೇ ಕಾರ್ಟ್ರಿಜ್‌ನಲ್ಲಿರುತ್ತವೆ. ಹೆಚ್ಚು ಮುದ್ರಿಸುವವರಿಗೆ ಮೊದಲನೆಯದು ಲಾಭ. ನಿಮಗೆ ಎರಡೂ ಒಂದೇ.

ಬಳಸಿದ ಯಂತ್ರ ಕೊಳ್ಳುವ ಯೋಚನೆ ಇದ್ದರೆ ಅದೂ ಒಳ್ಳೆಯ ದಾರಿ. ಕಚೇರಿಗಳಿಂದ ಹೊರಬರುವ ಗಟ್ಟಿ ಲೇಸರ್‌ಗಳು ಮನೆಯ ಬಳಕೆಗೆ ಬೇಕಾದಷ್ಟು ಕಾಲ ಬಾಳುತ್ತವೆ. ಕಾನ್ಫಿಗರೇಶನ್ ಪೇಜ್ ಮುದ್ರಿಸಿ ಎಂದು ಕೇಳಿ, ಅದುವರೆಗೆ ಎಷ್ಟು ಪುಟ ಓಡಿದೆ ಎಂದು ಅದರಲ್ಲಿ ಇರುತ್ತದೆ. ನಂತರ ಹತ್ತು ಪುಟ ಒಟ್ಟಿಗೆ ಓಡಿಸಿ ನೋಡಿ. ಎರಡೆರಡು ಹಾಳೆ ಸೇರಿ ಬಂದರೆ ಅಥವಾ ಹಾಳೆ ಹಿಡಿಯಲು ತಡವರಿಸಿದರೆ ರಬ್ಬರ್ ರೋಲರ್ ಸವೆದಿದೆ, ಅದು ಸಣ್ಣ ಕೆಲಸ. ಒಂದೇ ಕಲೆ ಪುಟದಲ್ಲಿ ಸಮಾನ ಅಂತರಕ್ಕೆ ಮತ್ತೆ ಮತ್ತೆ ಬಂದರೆ ಯಾವುದೋ ಉರುಳೆಯ ಮೈಗೆ ಪೆಟ್ಟಾಗಿದೆ. ಅಂತರವನ್ನು ಅಳತೆಪಟ್ಟಿಯಿಂದ ನೋಡಿ. 24 ಮಿಲಿಮೀಟರ್ ವ್ಯಾಸದ ಡ್ರಮ್ ಇರುವ ಯಂತ್ರದಲ್ಲಿ ಸುಮಾರು 75 ಮಿಲಿಮೀಟರಿಗೊಮ್ಮೆ ಕಲೆ ಮರಳಿದರೆ ಅದು ಡ್ರಮ್. ಡ್ರಮ್ ಅಥವಾ ಅದು ಸೇರಿರುವ ಕಾರ್ಟ್ರಿಜ್ ಬದಲಿಸಿದರೆ ಹೋಗುತ್ತದೆ. ಬೆರಳಿನಿಂದ ಉಜ್ಜಿದಾಗ ಅಕ್ಷರ ಕದಡಿದರೆ ಫ್ಯೂಸರ್ ಸೋತಿದೆ, ಅಂಥದ್ದನ್ನು ಬಿಟ್ಟುಬಿಡಿ.

ಗೆರೆಪುಸ್ತಕ:

ನಾನು ಮನೆಯಲ್ಲಿಯೇ ಕುಳಿತು ಕನ್ನಡ ಬರಹಗಳ ಕರಡು ತಿದ್ದುತ್ತೇನೆ. ನಮ್ಮ ಲಿಪಿಯ ದೃಷ್ಟಿಯಿಂದ ಒಂದು ಮಾತು. ಅಕ್ಷರದ ಕೆಳಗೆ ಕೂರುವ ಒತ್ತುಗಳು ಬಹಳ ಸಣ್ಣವು. ‘ಕೃತ್ಸ್ನ’, ‘ಸ್ವಾತಂತ್ರ್ಯ’ದಂಥ ಪದ ಹತ್ತು ಪಾಯಿಂಟ್ ಗಾತ್ರದಲ್ಲಿ ಬಂದಾಗ ಆ ಒತ್ತುಗಳು ಓದುವಂತೆ ಮೂಡಬೇಕು. ಸಾಧಾರಣ ಕಾಗದದ ಮೇಲೆ ಇಂಕ್‌ಜೆಟ್ ಶಾಯಿ ನಾರಿನೊಳಗೆ ಸ್ವಲ್ಪ ಹರಡಿ ಅಂಚು ಮಸುಕಾಗುತ್ತದೆ. ಲೇಸರ್‌ನಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕೆ) ಸಾಕು, ಅಂಚು ಕತ್ತರಿಸಿದಂತೆ ಬರುತ್ತದೆ. ಆದರೆ ಟೋನರ್ ಉಳಿಸುವ ಡ್ರಾಫ್ಟ್ ಸೆಟ್ಟಿಂಗನ್ನು ಕನ್ನಡಕ್ಕೆ ಬಳಸಬೇಡಿ. ಚುಕ್ಕೆಗಳು ವಿರಳವಾಗಿ ಮೊದಲು ಹೋಗುವುದು ಒತ್ತು ಮತ್ತು ದೀರ್ಘದ ಗುರುತುಗಳೇ. ಒಮ್ಮೆ ಎಪ್ಪತ್ತು ಪುಟದ ಕರಡನ್ನು ಹಾಗೆ ತೆಗೆದು ಎರಡು ದಿನ ತಪ್ಪುಗಳನ್ನು ತಪ್ಪಾಗಿಯೇ ಓದಿದೆ.

ಮೊಬೈಲಿನಿಂದ ಕೊಟ್ಟಾಗ ಕನ್ನಡ ಅಕ್ಷರಗಳು ಚೌಕಗಳಾಗಿಯೋ ಒಡೆದೋ ಬಂದರೆ ಕಡತವನ್ನು ಪಿಡಿಎಫ್ ಮಾಡಿಕೊಂಡು ಕೊಡಿ. ಆಗಲೂ ಆಗದಿದ್ದರೆ ಕಂಪ್ಯೂಟರಿನಲ್ಲಿ ಅಡೋಬಿ ರೀಡರ್‌ನಂಥ ತಂತ್ರಾಂಶಗಳಲ್ಲಿ ಚಿತ್ರವಾಗಿ ಮುದ್ರಿಸುವ ಆಯ್ಕೆ ಇರುತ್ತದೆ, ಅದನ್ನು ಗುರುತು ಮಾಡಿ. ಸ್ವಲ್ಪ ನಿಧಾನವಾಗುತ್ತದೆ, ಅಕ್ಷರ ಸರಿಯಾಗಿ ಬರುತ್ತದೆ.

ಕಿಟಕಿಮೇಜು:

ಗೆರೆಪುಸ್ತಕ ಅವರೇ, ಇದು ನನಗೆ ತೋಚಿಯೇ ಇರಲಿಲ್ಲ. ಮನೆಯಲ್ಲಿ ಅಮ್ಮನಿಗೆ ಪುಸ್ತಕದ ಪುಟಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡಬೇಕೆಂಬ ಆಸೆ ಬಹಳ ದಿನದಿಂದ ಇದೆ. ಶಾಯಿ ಮುಗಿಯುವ ಭಯದಿಂದ ಮುಂದೂಡುತ್ತಲೇ ಬಂದಿದ್ದೆ. ಕೊನೆಯ ಪ್ರಶ್ನೆ: ಸ್ಕ್ಯಾನರ್ ಸೇರಿರುವುದು ಬೇಕೇ, ಅಥವಾ ಮೊಬೈಲ್ ಸಾಕೇ?

ನೀಲಿಶಾಯಿ:

ಬಿಡಿ ಹಾಳೆಗಳಿಗೆ ಮೊಬೈಲ್ ಸಾಕು. ಪುಸ್ತಕದ ಪುಟ, ಹಳೆಯ ಮಡಿಕೆ ಬಿದ್ದ ಪ್ರಮಾಣಪತ್ರ, ಗುರುತಿನ ಚೀಟಿಯ ಎರಡೂ ಬದಿ ಒಂದೇ ಹಾಳೆಯಲ್ಲಿ, ಇಂಥವಕ್ಕೆ ಗಾಜಿನ ಸ್ಕ್ಯಾನರೇ ಬೇಕು. ಅಮ್ಮನಿಗೆ ಪುಸ್ತಕದ ಪುಟ ದೊಡ್ಡದು ಮಾಡಿ ಕೊಡುವುದಾದರೆ ಖಂಡಿತ ಸ್ಕ್ಯಾನರ್ ಇರುವುದನ್ನೇ ತೆಗೆದುಕೊಳ್ಳಿ. ನಾನು ಇಂಕ್ ಟ್ಯಾಂಕ್ ಪಕ್ಷದವಳಾದರೂ ನಿಮಗೆ ಲೇಸರೇ ಸರಿ ಎಂದು ಈಗ ಒಪ್ಪುತ್ತೇನೆ.

ಕಿಟಕಿಮೇಜು (ನಾಲ್ಕು ತಿಂಗಳ ನಂತರ):

ಸಲಹೆ ಕೊಟ್ಟವರೆಲ್ಲರಿಗೂ ತಿಳಿಸಬೇಕಾದದ್ದು ನನ್ನ ಕರ್ತವ್ಯ. ಸ್ಕ್ಯಾನರ್ ಮತ್ತು ತಾನಾಗಿಯೇ ಎರಡೂ ಬದಿ ಮುದ್ರಿಸುವ ಸೌಲಭ್ಯ ಇರುವ ಕಪ್ಪು ಬಿಳುಪು ಲೇಸರ್ ತಂದೆವು. ಗಾತ್ರ ದೊಡ್ಡದು, ಹಳೆಯ ಯಂತ್ರದ ಜಾಗ ಸಾಲಲಿಲ್ಲ, ಪುಸ್ತಕದ ಕಪಾಟಿನ ಪಕ್ಕ ಹೊಸ ಮೇಜು ಹಾಕಿದೆವು. ನಡುವೆ ಏಳು ವಾರ ಅದನ್ನು ಮುಟ್ಟಿರಲಿಲ್ಲ. ಕಳೆದ ವಾರ ರಾತ್ರಿ ಹನ್ನೊಂದಕ್ಕೆ ಮಗಳ ವರದಿ, 22 ಪುಟ. ಗುಂಡಿ ಒತ್ತಿದೆ, ಮೊದಲ ಪುಟವೇ ಅಚ್ಚುಕಟ್ಟಾಗಿ ಬಂತು. ಮಗಳು ಹಾಳೆ ಮುಟ್ಟಿ ಬೆಚ್ಚಗಿದೆ ಎಂದಳು.

ಅಮ್ಮನಿಗೆ 18 ಪಾಯಿಂಟ್ ಅಕ್ಷರದಲ್ಲಿ ಕೊಡುತ್ತಿದ್ದೇನೆ. ಹೀಗಾಗಿ ನನ್ನ ಲೆಕ್ಕವೇ ಬದಲಾಗಿದೆ, ನಾಲ್ಕು ತಿಂಗಳಲ್ಲಿ 140 ಪುಟ ದಾಟಿದೆ.

ಒಂದು ತೊಂದರೆ ಇದೆ. ಆ 22 ಪುಟಗಳಲ್ಲಿ ಎರಡು ಸಲ ಕಾಗದ ಸಿಕ್ಕಿಕೊಂಡಿತು, ಹೊರಬಂದ ಹಾಳೆಗಳೂ ಬಿಲ್ಲಿನಂತೆ ಬಾಗಿದ್ದವು. ಯಂತ್ರದ ದೋಷವೇ?

ತಿರುಪುಳಿ:

ಯಂತ್ರ ಸರಿಯಾಗಿದೆ, ದೋಷ ಕಾಗದದ್ದು. ಏಳು ವಾರ ಟ್ರೇನಲ್ಲಿ ತೆರೆದುಕೊಂಡಿದ್ದ ಹಾಳೆಗಳು ಗಾಳಿಯ ತೇವ ಹೀರಿರುತ್ತವೆ. ಫ್ಯೂಸರ್ ಶಾಖಕ್ಕೆ ಆ ತೇವ ಒಮ್ಮೆಲೇ ಆರಿ ಹಾಳೆ ಬಾಗುತ್ತದೆ, ಎರಡನೆಯ ಬದಿಗೆ ಮರಳಿ ಒಳಹೋಗುವಾಗ ಸಿಕ್ಕಿಕೊಳ್ಳುತ್ತದೆ. ಟ್ರೇನಲ್ಲಿ ಹತ್ತಿಪ್ಪತ್ತು ಹಾಳೆ ಮಾತ್ರ ಇಡಿ, ಉಳಿದದ್ದನ್ನು ಅದರ ಹೊದಿಕೆಯಲ್ಲಿಯೇ ಬಾಯಿ ಮಡಚಿ ಅಡ್ಡಲಾಗಿ ಮಲಗಿಸಿಡಿ. ಟ್ರೇಗೆ ಹಾಕುವ ಮೊದಲು ಕಟ್ಟಿನ ಅಂಚನ್ನು ಒಮ್ಮೆ ಬೀಸಣಿಗೆಯಂತೆ ಬಿಡಿಸಿ. ಸಿಕ್ಕಿಕೊಂಡ ಹಾಳೆಯನ್ನು ಕಾಗದ ಓಡುವ ದಿಕ್ಕಿಗೇ ಎರಡೂ ಕೈಯಿಂದ ನಿಧಾನವಾಗಿ ಎಳೆಯಿರಿ, ಹರಿದು ಚೂರು ಒಳಗೆ ಉಳಿಯಬಾರದು.

ಕಿಟಕಿಮೇಜು:

ಹಾಗೆಯೇ ಮಾಡಿದೆ. ಹಳೆಯ ಹಾಳೆಗಳನ್ನು ಟ್ರೇಯಿಂದ ತೆಗೆದು ಹೊಸ ಕಟ್ಟಿನಿಂದ ಇಪ್ಪತ್ತು ಹಾಕಿದೆ, ಉಳಿದದ್ದು ಹೊದಿಕೆಯೊಳಗಿದೆ. ಇಂದು ಅಮ್ಮನಿಗೆ ಮುಂದಿನ ಅಧ್ಯಾಯ, 16 ಹಾಳೆ, ಎರಡೂ ಬದಿ. ಒಂದೂ ಸಿಕ್ಕಿಕೊಳ್ಳಲಿಲ್ಲ. ಬಾಗಿದ ಹಾಳೆಗಳನ್ನು ಮಗಳು ಲೆಕ್ಕ ಮಾಡಲು ಇಟ್ಟುಕೊಂಡಿದ್ದಾಳೆ.